ತೋಟಗಾರರ ಕೈಗೆ ಪುಟ್ಟ ಆಸಿಲೋಸ್ಕೋಪು: ಜೋಡಿಸುವ ಹಾಗೂ ಬಳಸುವ ಪಾಠ



ರೊಬಸ್ಟಾ ಬೆಳೆಯುವವರಿಗೆ ಫೆಬ್ರವರಿ, ಮಾರ್ಚ್ ತಿಂಗಳ ಬೆಲೆ ಏನೆಂದು ನಾವು ಹೇಳಬೇಕಾಗಿಲ್ಲ. ಮೊಗ್ಗು ಬಲಿತು ನಿಂತಾಗ ಹೂ ಮಳೆ ಬರಬೇಕು. ಬಾರದಿದ್ದರೆ ಸ್ಪ್ರಿಂಕ್ಲರ್ ತಿರುಗಬೇಕು. ಅರೆಬರೆ ನೀರು ಬಿದ್ದರೆ ಮೊಗ್ಗು ಸರಿಯಾಗಿ ಅರಳದು, ಅರಳಿದ್ದೂ ಕಾಯಿ ಕಚ್ಚದು. ವರ್ಷದ ಫಸಲು ಆ ಕೆಲವು ದಿನಗಳ ನೀರಿನ ಮೇಲೆ ನಿಂತಿರುತ್ತದೆ.

ನಮ್ಮ ಸದಸ್ಯರೊಬ್ಬರ ನಾಲ್ಕು ಎಕರೆ ತೋಟದಲ್ಲಿ ಸರಿಯಾಗಿ ಆ ದಿನಗಳಲ್ಲೇ ಪಂಪಿನ ಮೊಬೈಲ್ ಸ್ಟಾರ್ಟರ್ ಕೈಕೊಟ್ಟಿತು. ಮೋಟಾರು ಹಿಡಿಯುವ ಹೊತ್ತಿಗೆ ಸ್ಟಾರ್ಟರಿನ ದೀಪ ಒಮ್ಮೆ ಆರಿ ಮತ್ತೆ ಹತ್ತುವುದು, ಪಂಪು ನಿಲ್ಲುವುದು. ಮೀಟರು ಹಿಡಿದು ನೋಡಿದರೆ ಸ್ಟಾರ್ಟರಿಗೆ ಕರೆಂಟು ಕೊಡುವ ಅಡಾಪ್ಟರಿನಲ್ಲಿ ಹತ್ತೂವರೆ ವೋಲ್ಟ್ ತೋರಿಸುತ್ತಿತ್ತು. ಹನ್ನೆರಡರ ಅಡಾಪ್ಟರಿಗೆ ಸ್ವಲ್ಪ ಕಡಿಮೆಯೇ, ಆದರೂ ತೀರ ಕಡಿಮೆಯಲ್ಲ. "ಬೋರ್ಡು ಹೋಗಿದೆ ಸ್ವಾಮಿ, ಹೊಸದೇ ಹಾಕಬೇಕು" ಎಂದರು ರಿಪೇರಿಯವರು. ಹೌದು ಎಂದವರಲ್ಲಿ ನಾವೂ ಇದ್ದೆವು. ಹೊಸ ಸ್ಟಾರ್ಟರ್ ಬಂದಿತು. ಹಳೆಯ ಅಡಾಪ್ಟರಿಗೇ ಅದನ್ನು ಸಿಕ್ಕಿಸಿದ್ದಾಯಿತು. ಮೂರನೆಯ ದಿನ ಅದೇ ರೋಗ! ಅಷ್ಟರಲ್ಲಿ ಎರಡು ಎಕರೆಗೆ ನೀರು ತಪ್ಪಿ, ಹೂವಿನ ಹದ ಮೀರಿ ಹೋಗಿತ್ತು.

ಆ ತಪ್ಪು ಸಲಹೆಯ ಋಣ ತೀರಿಸುವುದಕ್ಕೆಂದೇ ಈ ಪಾಠವನ್ನು ಬರೆಯುತ್ತಿದ್ದೇವೆ.

ಮೀಟರು ಹೇಳದ ಮಾತು

ನಾವೆಲ್ಲ ಮಳೆಯ ಲೆಕ್ಕ ಇಡುವವರು. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಷ್ಟು ಇಂಚು, ಇಷ್ಟು ಸೆಂಟ್ಸ್ ಎಂದು ಪುಸ್ತಕದಲ್ಲಿ ಬರೆಯುತ್ತೇವೆ. ಯಾರಾದರೂ ಬಂದು "ನಿಮ್ಮ ತೋಟಕ್ಕೆ ವರ್ಷಕ್ಕೆ ನೂರು ಇಂಚು ಮಳೆ" ಎಂದಷ್ಟೇ ಹೇಳಿದರೆ ಅದರಿಂದ ಫಸಲಿನ ಅಂದಾಜು ಸಿಗುತ್ತದೆಯೇ? ಇಲ್ಲ. ಮಾರ್ಚಿನಲ್ಲಿ ಒಂದು ಇಂಚು ಬಂದಿತೇ, ಜುಲೈನಲ್ಲಿ ಒಂದೇ ವಾರ ಮೂವತ್ತು ಇಂಚು ಸುರಿಯಿತೇ ಎಂಬುದು ಬೇಕು. ಒಟ್ಟು ಮೊತ್ತ ಒಂದು ಸಂಗತಿ, ಯಾವಾಗ ಎಷ್ಟು ಎಂಬುದು ಬೇರೆಯೇ ಸಂಗತಿ.

ಮಲ್ಟಿಮೀಟರು ಹೇಳುವುದು ವರ್ಷದ ಮಳೆಯ ಲೆಕ್ಕ. ಸೆಕೆಂಡಿಗೆ ನೂರಾರು ಸಲ ಏರಿಳಿಯುವ ವೋಲ್ಟೇಜನ್ನು ಅದು ಸರಾಸರಿ ಮಾಡಿ ಒಂದು ಅಂಕಿಯಾಗಿ ಕೊಡುತ್ತದೆ. ಆಸಿಲೋಸ್ಕೋಪು ಇಡುವುದು ದಿನದಿನದ ಮಳೆಯ ಪುಸ್ತಕ. ಕಾಲವನ್ನು ಎಡದಿಂದ ಬಲಕ್ಕೂ, ವೋಲ್ಟೇಜನ್ನು ಕೆಳಗಿನಿಂದ ಮೇಲಕ್ಕೂ ಇಟ್ಟು ಅದು ಗೆರೆ ಎಳೆದು ತೋರಿಸುತ್ತದೆ. ಇಷ್ಟೇ ಅದರ ಮರ್ಮ.

ಈ ಉಪಕರಣ ಹೊಸದಲ್ಲ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿಜ್ಞಾನಿ 1897ರಲ್ಲೇ ಗಾಜಿನ ಕೊಳವೆಯೊಳಗೆ ಎಲೆಕ್ಟ್ರಾನು ಕಿರಣವನ್ನು ಓಲಾಡಿಸಿ ವಿದ್ಯುತ್ತಿನ ಅಲೆಯನ್ನು ಕಣ್ಣಿಗೆ ಕಾಣಿಸಿದನು. ಬಹುಕಾಲ ಇದು ಕಾಲೇಜು, ಕಾರ್ಖಾನೆಗಳ ಮೇಜಿನ ಮೇಲಿನ ಭಾರದ ಪೆಟ್ಟಿಗೆಯಾಗಿತ್ತು, ಬೆಲೆಯೂ ಭಾರವೇ. ಈಗ ಅಂಗೈಯಗಲದ ಹಲಗೆಯಾಗಿ, ಒಂದು ಸಾಧಾರಣ ಸ್ಪ್ರೇಯರಿಗೆ ಕೊಡುವಷ್ಟು ಹಣಕ್ಕೆ ಬಿಡಿಭಾಗಗಳ ಕಿಟ್ಟಾಗಿ ಸಿಗುತ್ತಿದೆ.

ಹೂಡಿಯಲ್ಲಿ ಕಲಿತದ್ದು

ಜೋಡಣೆ ಕಲಿಯಲು ನಾವು ಐವರು ಬೆಂಗಳೂರಿನ ಹೂಡಿಗೆ ಹೋದೆವು. ನಮ್ಮ ಸದಸ್ಯರ ಮಗನೊಬ್ಬನಿಗೆ ಅಲ್ಲಿಯ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರಲ್ಲಿ ಕೆಲಸ. ಭಾನುವಾರ ಶೆಡ್ಡು ಖಾಲಿ, ಮೇಜು ಖಾಲಿ. ರಾತ್ರಿ ಬಸ್ಸಿನಲ್ಲಿ ಹೊರಟು ಮೆಜೆಸ್ಟಿಕ್ಕಿನಲ್ಲಿಳಿದರೆ ಈಗ ಒಂದೇ ಮೆಟ್ರೊ ರೈಲಿನಲ್ಲಿ ಹೂಡಿ ಸೇರಬಹುದು. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಮಾರ್ಗ 2023ರ ಮಾರ್ಚ್ 25ರಂದು ಆರಂಭವಾಯಿತು. ಅದೇ ವರ್ಷ ಅಕ್ಟೋಬರ್ 9ರಂದು ನಡುವಿನ ತುಂಡು ಸೇರಿ ಹಾದಿ ಅಖಂಡವಾಯಿತು.

ಹೂಡಿಯಲ್ಲಿ ಇನ್ನೊಂದು ವಿಶೇಷವಿದೆ. ರಾಜ್ಯದ ವಿದ್ಯುತ್ ಪ್ರಸರಣ ನಿಗಮದ 400 ಕಿಲೋವೋಲ್ಟಿನ ದೊಡ್ಡ ಉಪಕೇಂದ್ರ ಅಲ್ಲಿದೆ. ಅಂಥದೇ ಉಪಕೇಂದ್ರ ನಮ್ಮ ಅಡಿಕೆ ಸೀಮೆಯ ತಾಳಗುಪ್ಪದಲ್ಲಿಯೂ ಇದೆ. ಇವೆಲ್ಲ ಒಂದೇ ಜಾಲದ ಗಂಟುಗಳು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ಉತ್ತರದ್ದರೊಡನೆ ಕೂಡಿತು. ಹಾಗಾಗಿ ಹೂಡಿಯ ಕಾರ್ಖಾನೆಯ ಯಂತ್ರವೂ ಶೃಂಗೇರಿಯ ಪಂಪೂ ದಿಲ್ಲಿಯ ಫ್ಯಾನೂ ಒಂದೇ ತಾಳಕ್ಕೆ, ಸೆಕೆಂಡಿಗೆ ಐವತ್ತು ಆವರ್ತಕ್ಕೆ, ತಿರುಗುತ್ತವೆ. ಈ ಐವತ್ತು ಎಂಬ ಅಂಕಿ ನಮಗೆ ಮುಂದೆ ಬೇಕಾಗುತ್ತದೆ.

ಹೊರಡುವಾಗ ಹಿರಿಯ ಸದಸ್ಯರೊಬ್ಬರು "ಇದೆಲ್ಲ ನಮಗೆ ಯಾಕೆ ಮಾರಾಯ್ರೇ, ನಾವೇನು ರೇಡಿಯೋ ರಿಪೇರಿ ಮಾಡ್ಲಿಕ್ಕುಂಟಾ?" ಎಂದಿದ್ದರು. ಮರಳುವಾಗ ಕಿಟ್ಟು ಅವರ ಚೀಲದಲ್ಲಿತ್ತು.

ಕಿಟ್ಟಿನ ಪರಿಚಯ

ನಾವು ಜೋಡಿಸಿದ್ದು ಡಿಎಸ್‌ಒ 138 ಎಂಬ ಮಾದರಿ. ಚೀನಾದ ಜೆವೈಇ ಟೆಕ್ ಎಂಬವರು ರೂಪಿಸಿದ್ದು. ಇದರ ನಕಲುಗಳೂ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಕೊಳ್ಳುವಾಗ ನೋಡಿ ಕೊಳ್ಳತಕ್ಕದ್ದು. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಬಿಡಿಭಾಗ, ಬೆಸುಗೆ ಸಾಮಾನು ಎಲ್ಲವೂ ದೊರೆಯುತ್ತವೆ. ತೀರ ಸಣ್ಣ ಭಾಗಗಳನ್ನು ಮೊದಲೇ ಬೆಸೆದಿರುವ ಕಿಟ್ಟನ್ನೇ ಕೇಳಿರಿ. ಸಾಸಿವೆ ಗಾತ್ರದ ಆ ಭಾಗಗಳನ್ನು ಕೂರಿಸುವುದು ನಮ್ಮ ಕೈಗೂ ಕಣ್ಣಿಗೂ ಆಗದ ಕೆಲಸ.

ಇದರ ಸಾಮರ್ಥ್ಯ ಹೀಗಿದೆ:

1. 2.4 ಅಂಗುಲದ ಬಣ್ಣದ ಪರದೆ.
2. ಸೆಕೆಂಡಿಗೆ ಹೆಚ್ಚೆಂದರೆ 10 ಲಕ್ಷ ಸಲ ವೋಲ್ಟೇಜನ್ನು ಅಳೆದು ಬರೆದುಕೊಳ್ಳುತ್ತದೆ. ಪ್ರತಿ ಅಳತೆಯೂ 4096 ಮೆಟ್ಟಿಲುಗಳಲ್ಲಿ ಒಂದು.
3. ಸೆಕೆಂಡಿಗೆ 2 ಲಕ್ಷ ಆವರ್ತದವರೆಗಿನ ಅಲೆಯನ್ನು ತೋರಿಸಬಲ್ಲದು.
4. ಒಂದು ಮನೆಗೆ 10 ಮಿಲಿವೋಲ್ಟಿನಿಂದ 5 ವೋಲ್ಟಿನವರೆಗೆ ಬದಲಾಯಿಸಬಹುದು. ಮೇಲೆ ಕೆಳಗೆ 8 ಮನೆ, ಅಡ್ಡಕ್ಕೆ 12 ಮನೆ.
5. ತಡೆದುಕೊಳ್ಳುವ ಗರಿಷ್ಠ ವೋಲ್ಟೇಜು 50. ಈ ಅಂಕಿಯನ್ನು ಎಂದೂ ಮರೆಯಬಾರದು.
6. ನಡೆಯಲು ಬೇಕಾದದ್ದು 9 ವೋಲ್ಟ್ ಡಿ.ಸಿ., ಸುಮಾರು 120 ಮಿಲಿಆಂಪಿಯರ್.

ಕಡ್ಡಿಡಬ್ಬಿಯಂಥ 9 ವೋಲ್ಟಿನ ಸೆಲ್ಲು ಇದಕ್ಕೆ ಬೇಗ ಸೋಲುತ್ತದೆ. ಪುನಃ ಚಾರ್ಜು ಮಾಡುವ 1.2 ವೋಲ್ಟಿನ ಎಂಟು ಪೆನ್ ಸೆಲ್ಲುಗಳನ್ನು ಸಾಲಾಗಿ ಕೂಡಿಸಿದರೆ 9.6 ವೋಲ್ಟ್ ಆಗುತ್ತದೆ. 2000 ಮಿಲಿಆಂಪಿಯರ್ ಗಂಟೆಯ ಸೆಲ್ಲಾದರೆ ಹದಿನೈದು ಗಂಟೆಗೆ ಮೋಸವಿಲ್ಲ.

ಜೋಡಣೆಯ ಕ್ರಮ

ಬೇಕಾದ ಹತ್ಯಾರುಗಳು: 25 ವ್ಯಾಟಿನ ಮೊನಚು ತುದಿಯ ಸಾಲ್ಡರಿಂಗ್ ಐರನ್, ರಾಳವಿರುವ 60:40ರ ಸೀಸದ ತಂತಿ, ಸಣ್ಣ ಕಟಿಂಗ್ ಪ್ಲೇಯರ್, ಚಿಮಟ, ಮಲ್ಟಿಮೀಟರು, ಭೂತಗನ್ನಡಿ. ಕಿಟಕಿ ತೆರೆದಿರಲಿ. ಹೊಗೆ ಮೂಗಿಗೆ ಬೇಡ. ಸೀಸ ಮುಟ್ಟಿದ ಕೈಯಲ್ಲಿ ಎಲೆಅಡಿಕೆ ಹಾಕುವುದು ಬೇಡ. ಸೋಪಿನಲ್ಲಿ ತೊಳೆದ ಮೇಲೆಯೇ ಆಗಲಿ.

ಮೊದಲನೆಯದಾಗಿ ಎಲ್ಲ ರೆಸಿಸ್ಟರುಗಳನ್ನು ಮೀಟರಿನಲ್ಲಿ ಅಳೆದು, ಕಾಗದದ ಮೇಲೆ ಅಂಟಿಸಿ ಬೆಲೆ ಬರೆಯಿರಿ. ಬಣ್ಣದ ಪಟ್ಟಿಯ ಲೆಕ್ಕ ಹೀಗೆ: ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಐದು ಪಟ್ಟಿಯಿದ್ದರೆ ಮೊದಲ ಮೂರು ಅಂಕಿ, ನಾಲ್ಕನೆಯದು ಎಷ್ಟು ಸೊನ್ನೆ, ಐದನೆಯದು ನಿಖರತೆ. ಆದರೆ ಪಟ್ಟಿಯನ್ನೇ ನಂಬಿ ಕೂರಬೇಡಿ. ಕಂದು, ಕಪ್ಪು, ಕಪ್ಪು, ಕೆಂಪು, ಕಂದು ಎಂದರೆ 10,000 ಓಮ್. ಅದನ್ನೇ ತಿರುಗಿಸಿ ಓದಿದರೆ ಕಂದು, ಕೆಂಪು, ಕಪ್ಪು, ಕಪ್ಪು, ಕಂದು. ಅಂದರೆ 120 ಓಮ್! ನಮ್ಮಲ್ಲಿ ಇಬ್ಬರು ಇದೇ ಗುಂಡಿಗೆ ಬಿದ್ದೆವು. ಮೀಟರು ಕೈಹಿಡಿದೆತ್ತಿತು.

ಎರಡನೆಯದಾಗಿ, ಗಿಡ್ಡ ಭಾಗ ಮೊದಲು, ಎತ್ತರದ ಭಾಗ ಕೊನೆಗೆ. ರೆಸಿಸ್ಟರು, ಸುರುಳಿ, ಡಯೋಡು, ಸ್ಫಟಿಕ, ಗುಂಡಿಗಳು, ಪಿಂಗಾಣಿ ಕಂಡೆನ್ಸರು, ಟ್ರಾನ್ಸಿಸ್ಟರು, ರೆಗ್ಯುಲೇಟರು, ತಿರುಗಿಸುವ ಕಂಡೆನ್ಸರು, ದೊಡ್ಡ ಕಂಡೆನ್ಸರು, ಜಾರುಗುಂಡಿ, ಕೊನೆಗೆ ಪ್ರೋಬು ಸಿಕ್ಕಿಸುವ ಬಿಎನ್‌ಸಿ ಸಾಕೆಟ್ಟು. ಹೀಗೆ ಮಾಡಿದರೆ ಹಲಗೆಯನ್ನು ಬೋರಲು ಹಾಕಿದಾಗ ಭಾಗಗಳು ಜಾರಿ ಬೀಳುವುದಿಲ್ಲ.

ಮೂರನೆಯದಾಗಿ, ಡಯೋಡಿನ ಗೆರೆ, ಟ್ರಾನ್ಸಿಸ್ಟರಿನ ಚಪ್ಪಟೆ ಮುಖ, ದೊಡ್ಡ ಕಂಡೆನ್ಸರಿನ ಉದ್ದ ಕಾಲು ಇವು ಹಲಗೆಯ ಗುರುತಿಗೆ ಸರಿಯಾಗಿ ಕೂರಬೇಕು. ಉದ್ದ ಕಾಲು ಕೂಡು ಗುರುತಿಗೆ. ಐದು ವೋಲ್ಟಿನ ರೆಗ್ಯುಲೇಟರುಗಳು ಎರಡಿವೆ, 78 ಎಂದು ಆರಂಭವಾಗುವುದೊಂದು, 79 ಎಂದು ಆರಂಭವಾಗುವುದೊಂದು. ನೋಡಲು ಅವಳಿ, ಕೆಲಸ ತದ್ವಿರುದ್ಧ. ಅದಲುಬದಲಾದರೆ ಕೆಡುತ್ತದೆ.

ಬೆಸುಗೆಯ ಗುಟ್ಟು ಒಂದೇ. ಐರನ್ನಿನಿಂದ ಭಾಗದ ಕಾಲು, ಹಲಗೆಯ ತಾಮ್ರ ಎರಡನ್ನೂ ಒಟ್ಟಿಗೆ ಕಾಯಿಸಿ, ಸೀಸದ ತಂತಿಯನ್ನು ಕಾದ ಜಾಗಕ್ಕೆ ಮುಟ್ಟಿಸಬೇಕು, ಐರನ್ನಿಗಲ್ಲ. ಎರಡು ಮೂರು ಸೆಕೆಂಡು ಸಾಕು. ಬೆಸುಗೆ ಹೊಳೆಯುತ್ತ, ಕಾಲಿನ ಸುತ್ತ ಇಳಿಜಾರಾಗಿ ಹರಡಿದ್ದರೆ ಸರಿ. ಉಂಡೆ ಕಟ್ಟಿ ಮಂಕಾಗಿದ್ದರೆ ಅದು ಹಸಿ ಬೆಸುಗೆ, ಮತ್ತೆ ಕಾಯಿಸಬೇಕು. ಬಿಎನ್‌ಸಿ ಸಾಕೆಟ್ಟಿನ ದಪ್ಪ ಕಾಲುಗಳಿಗೆ ಹೆಚ್ಚು ಹೊತ್ತು ಶಾಖ ಬೇಕಾಗುತ್ತದೆ.

ಮೊದಲ ಬಾರಿ ಕರೆಂಟು ಕೊಡುವಾಗ

ಪರದೆಯನ್ನು ಇನ್ನೂ ಸಿಕ್ಕಿಸಬೇಡಿ. 9 ವೋಲ್ಟ್ ಕೊಟ್ಟು, ಟಿಪಿ 22 ಎಂದು ಗುರುತಿಸಿದ ಬಿಂದುವಿನಲ್ಲಿ 3.3 ವೋಲ್ಟ್ ಬರುತ್ತಿದೆಯೇ ಎಂದು ಮೀಟರಿನಲ್ಲಿ ನೋಡಿ. ಬಂದಿದ್ದರೆ ಸೆಲ್ಲು ಕಳಚಿ, ಜೆಪಿ 4 ಎಂಬ ಎರಡು ತುಂಡು ತಾಮ್ರವನ್ನು ಸೀಸದಿಂದ ಕೂಡಿಸಿ. ಅಲ್ಲಿಂದ ಮುಂದೆಯೇ ಉಪಕರಣದ ಮೆದುಳಾದ ಚಿಪ್ಪಿಗೆ ಕರೆಂಟು ಹೋಗುವುದು. ಗದ್ದೆಗೆ ನೀರು ಬಿಡುವ ಮೊದಲು ಬದು ನೋಡುವಂತೆ ಈ ಕ್ರಮ. ಬಾರದಿದ್ದರೆ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ಮತ್ತೆ ನೋಡತಕ್ಕದ್ದು.

ಪರದೆ ಸಿಕ್ಕಿಸಿ ಗೆರೆ ಮೂಡಿದ ಮೇಲೆ ಹೊಂದಾಣಿಕೆ. ಹಲಗೆಯ ಅಂಚಿನ ತಂತಿಯ ಕುಣಿಕೆಯಲ್ಲಿ ಉಪಕರಣವೇ ಒಂದು ಪರೀಕ್ಷಾ ಅಲೆಯನ್ನು ಕೊಡುತ್ತದೆ: 3.3 ವೋಲ್ಟ್, ಸೆಕೆಂಡಿಗೆ 1000 ಆವರ್ತ, ಚೌಕಾಕಾರ. ಪ್ರೋಬಿನ ಕೆಂಪು ಚಿಮುಟವನ್ನು ಅದಕ್ಕೆ ಹಿಡಿಸಿ, ಕಾಲವನ್ನು ಮನೆಗೆ 0.2 ಮಿಲಿಸೆಕೆಂಡಿಗೆ ಇಡಿ. ಒಂದು ಆವರ್ತಕ್ಕೆ 1 ಮಿಲಿಸೆಕೆಂಡು, ಅಂದರೆ ಸರಿಯಾಗಿ ಐದು ಮನೆ. ಜಾರುಗುಂಡಿಗಳನ್ನು 0.1 ವೋಲ್ಟ್ ಹಾಗೂ 5ರ ಗುಣಕಕ್ಕೆ ಇಟ್ಟು ಸಿ 4 ಎಂಬ ತಿರುಗಿಸುವ ಕಂಡೆನ್ಸರನ್ನೂ, ಬಳಿಕ 1 ವೋಲ್ಟ್ ಹಾಗೂ 1ರ ಗುಣಕಕ್ಕೆ ಇಟ್ಟು ಸಿ 6 ಅನ್ನೂ ಮೆಲ್ಲಗೆ ತಿರುಗಿಸಿ, ಚೌಕದ ಮೂಲೆ ಚೂಪಾಗಿ ನೇರವಾಗುವಂತೆ ಮಾಡಬೇಕು.

ಟ್ರಿಗರ್ ಎಂಬ ಮಾತು ಕೆಲವರನ್ನು ಹೆದರಿಸುತ್ತದೆ. ಮಗು ಜೋಕಾಲಿಯಲ್ಲಿ ತೂಗುತ್ತಿರುವಾಗ ಮನಬಂದಾಗ ಫೋಟೋ ತೆಗೆದರೆ ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತದೆ. ಪ್ರತಿ ಸಲವೂ ಮಗು ಮುಂದಕ್ಕೆ ಬರುತ್ತ ನಡುಗಂಬವನ್ನು ದಾಟುವಾಗಲೇ ತೆಗೆದರೆ ಚಿತ್ರಗಳೆಲ್ಲ ಒಂದೇ ಆಗುತ್ತವೆ. ಅಲೆ ಯಾವ ಎತ್ತರವನ್ನು ಏರುತ್ತ ದಾಟುವಾಗ ಚಿತ್ರ ತೆಗೆಯಬೇಕೆಂದು ಹೇಳುವುದೇ ಟ್ರಿಗರ್. ಅದು ಸರಿಯಿದ್ದರೆ ಅಲೆ ಓಡದೆ ನಿಲ್ಲುತ್ತದೆ.

ಪ್ರಾಣದ ಮಾತು

ಇಲ್ಲಿ ಓದುಗರು ನಿಂತು ಎರಡು ಸಲ ಓದಬೇಕು.

ಮನೆಯ ಲೈನು 230 ವೋಲ್ಟ್ ಎನ್ನುತ್ತೇವೆ. ಆದರೆ ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ಈ ಉಪಕರಣ ತಾಳುವುದು 50. ಪ್ರೋಬನ್ನು ಪ್ಲಗ್ಗಿಗೆ, ಸ್ಟಾರ್ಟರಿನ ಒಳಕ್ಕೆ, ಮೋಟಾರಿನ ತಂತಿಗೆ ಯಾವ ಕಾರಣಕ್ಕೂ ಮುಟ್ಟಿಸಬಾರದು. ಉಪಕರಣ ಸುಡುವುದು ಹಾಗಿರಲಿ, ಕಪ್ಪು ಚಿಮುಟದ ಲೋಹ, ಸಾಕೆಟ್ಟು, ಹಲಗೆಯ ಅಂಚು ಎಲ್ಲಕ್ಕೂ ಲೈನು ಹರಿದು ಹಿಡಿದವರ ಪ್ರಾಣ ಹೋದೀತು. ಸೆಲ್ಲಿನಲ್ಲಿ ನಡೆಯುತ್ತಿದೆ ಎಂಬುದು ಇಲ್ಲಿ ಕಾಪಾಡುವುದಿಲ್ಲ.

ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಅವುಗಳ ಐದು ವೋಲ್ಟಿನ ಋಣ ತಂತಿಯೂ ನೇರ ಲೈನಿಗೆ ಸೇರಿರುತ್ತದೆ. ಆದ್ದರಿಂದ ಲೈನಿಗೆ ಸೇರಿದ ಬೋರ್ಡನ್ನು ತೆರೆದು ನೋಡುವುದು ಬೇಡ. ಸೋಲಾರ್ ಪಂಪಿನ ಪ್ಯಾನೆಲ್ ಸಾಲಿನಲ್ಲಿ ಹಲವು ನೂರು ವೋಲ್ಟ್ ಇರಬಹುದು, ಅದೂ ಬೇಡ. ಆನೆ, ಹಂದಿ ತಡೆಯುವ ಬೇಲಿಯ ಸಾವಿರಾರು ವೋಲ್ಟಿನ ಮಿಡಿತವಂತೂ ಬೇಡವೇ ಬೇಡ.

ಪಾಠ 1: ಅಡಾಪ್ಟರಿನ ಒಳಗುಟ್ಟು

ಆ ಸದಸ್ಯರ ಹಳೆಯ ಅಡಾಪ್ಟರನ್ನು ನಾವು ಹೂಡಿಗೆ ಒಯ್ದಿದ್ದೆವು. ಟ್ರಾನ್ಸ್‌ಫಾರ್ಮರು ಇರುವ ತೂಕದ ಜಾತಿ. ಅದರ ಹೊರತಂತಿಗಳಿಗೆ 56 ಓಮಿನ, 5 ವ್ಯಾಟಿನ ರೆಸಿಸ್ಟರನ್ನು ಹೊರೆಯಾಗಿ ಕಟ್ಟಿದೆವು. ಹೊರೆ ಸುಮಾರು 0.2 ಆಂಪಿಯರ್. ಮೊದಲು ಮಲ್ಟಿಮೀಟರು: ಹತ್ತೂವರೆ ವೋಲ್ಟ್, ಅಂದು ಪಂಪ್‌ಹೌಸಿನಲ್ಲಿ ಕಂಡಂತೆಯೇ.

ಆಮೇಲೆ ಆಸಿಲೋಸ್ಕೋಪು. ಡಿ.ಸಿ. ಸ್ಥಾನ, ಮನೆಗೆ 2 ವೋಲ್ಟ್, ಮನೆಗೆ 5 ಮಿಲಿಸೆಕೆಂಡು, ಸೊನ್ನೆಯ ಗೆರೆ ಪರದೆಯ ತಳದಲ್ಲಿ. ನೇರ ಗೆರೆ ಇರಬೇಕಾದಲ್ಲಿ ಗರಗಸದ ಹಲ್ಲು ಕಾಣಿಸಿತು! ತುದಿ ಹನ್ನೆರಡೂವರೆ, ತಳ ಎಂಟೂವರೆ. ಹಲ್ಲಿನಿಂದ ಹಲ್ಲಿಗೆ ಎರಡು ಮನೆ, ಅಂದರೆ 10 ಮಿಲಿಸೆಕೆಂಡು. ಸೆಕೆಂಡಿಗೆ ನೂರು ಹಲ್ಲು. ಲೈನಿನ ಐವತ್ತು ಆವರ್ತದ ಎರಡೂ ಮಗ್ಗುಲನ್ನು ಡಯೋಡುಗಳು ಒಂದೇ ಕಡೆಗೆ ಮಡಚುವುದರಿಂದ ಐವತ್ತು ನೂರಾಗುತ್ತದೆ.

ಒಂದು ಹಲ್ಲಿಗೂ ಮತ್ತೊಂದಕ್ಕೂ ನಡುವೆ ಕರೆಂಟು ಕೊಡಬೇಕಾದದ್ದು ಕಂಡೆನ್ಸರು. ಇದು ಟ್ಯಾಂಕಿಯ ಹಾಗೆ. ಹೊಂಡದಿಂದ ನೀರು ಬಿಟ್ಟು ಬಿಟ್ಟು ಬಂದರೂ ಟ್ಯಾಂಕಿ ದೊಡ್ಡದಿದ್ದರೆ ನಲ್ಲಿ ಒಂದೇ ಸಮ ಸುರಿಯುತ್ತದೆ. ಟ್ಯಾಂಕಿಯಲ್ಲಿ ಹೂಳು ತುಂಬಿದರೆ? ಅಡಾಪ್ಟರಿನಲ್ಲಿ 2200 ಮೈಕ್ರೋಫ್ಯಾರಡಿನ ಕಂಡೆನ್ಸರಿತ್ತು. ಲೆಕ್ಕ ಹೀಗೆ: ಹೊರೆಯ ಆಂಪಿಯರನ್ನು ನೂರರಿಂದ ಭಾಗಿಸಿ, ಮತ್ತೆ ಫ್ಯಾರಡಿನಿಂದ ಭಾಗಿಸಿ. 0.2 ÷ 100 ÷ 0.0022 = 0.9 ವೋಲ್ಟ್. ಹಲ್ಲು ಹೆಚ್ಚೆಂದರೆ ಒಂದು ವೋಲ್ಟ್ ಇರಬೇಕಾಗಿತ್ತು, ಇದ್ದದ್ದು ನಾಲ್ಕು. ಕಂಡೆನ್ಸರು ಒಣಗಿ ನಾಲ್ಕನೆಯ ಒಂದು ಪಾಲೂ ಉಳಿದಿರಲಿಲ್ಲ ಎಂದು ಅರ್ಥ.

ಇನ್ನು ಮೋಟಾರು ಹಿಡಿಯುವ ಕ್ಷಣವನ್ನು ನೆನೆಯಿರಿ. ಲೈನು ಶೇಕಡಾ 15ರಷ್ಟು ಕುಸಿದರೂ ಹನ್ನೆರಡೂವರೆಯ ತುದಿ ಹತ್ತೂವರೆಗೆ ಇಳಿಯುತ್ತದೆ, ತಳ ಆರೂವರೆಗೆ. ಒಳಗಿನ ಐದು ವೋಲ್ಟಿನ ರೆಗ್ಯುಲೇಟರಿಗೆ ಏಳಾದರೂ ಬೇಕು. ಆ ಅರೆಗಳಿಗೆಯಲ್ಲಿ ಸ್ಟಾರ್ಟರಿನ ಮೆದುಳು ಮಂಕಾಗಿ ಮತ್ತೆ ಮೊದಲಿನಿಂದ ಶುರುಮಾಡಿತು. ದೀಪ ಆರಿ ಹತ್ತಿದ್ದರ ಗುಟ್ಟು ಇದು. ಹಳೆಯ ಸ್ಟಾರ್ಟರೂ ಸರಿಯಾಗಿತ್ತು, ಹೊಸದೂ ಸರಿಯಾಗಿತ್ತು. ಕೆಟ್ಟದ್ದು ಒಂದು ಕಂಡೆನ್ಸರು. ಅದರ ಬೆಲೆ ಒಂದು ಊಟಕ್ಕಿಂತ ಕಡಿಮೆ.

ಹೊಸ ಕಂಡೆನ್ಸರು ಬೆಸೆದು ನೋಡಿದಾಗ ಹಲ್ಲು ಒಂದು ವೋಲ್ಟಿನೊಳಗೆ ಇಳಿಯಿತು. ಆ ಸದಸ್ಯರು ಪರದೆಯನ್ನು ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ. ನಾವೂ ಆಡಲಿಲ್ಲ.

ಕಂಡೆನ್ಸರಿನ ಶತ್ರು ಶಾಖ. ಹತ್ತು ಡಿಗ್ರಿ ಏರಿದಂತೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ರೂಢಿಯ ಲೆಕ್ಕ. ತಗಡಿನ ಮಾಡಿನ ಪಂಪ್‌ಹೌಸಿನಲ್ಲಿ ಅಡಾಪ್ಟರನ್ನು ಮಾಡಿಗೆ ತಾಗಿಸಿ ಕಟ್ಟಬಾರದು. ಗೋಡೆಯ ತಗ್ಗಿನಲ್ಲಿ, ಗಾಳಿಯಾಡುವಲ್ಲಿ ಇರಲಿ.

ಪಾಠ 2: ಜನರೇಟರಿನ ನಾಡಿ

ಲೈನನ್ನೂ ಜನರೇಟರನ್ನೂ ನೋಡಲು ನಡುವೆ ಟ್ರಾನ್ಸ್‌ಫಾರ್ಮರು ಬೇಕು. 230ನ್ನು 9 ವೋಲ್ಟಿಗೆ ಇಳಿಸುವ ಸಣ್ಣದೊಂದನ್ನು ಮುಚ್ಚಿದ ಡಬ್ಬಿಯಲ್ಲಿ ಫ್ಯೂಜಿನೊಡನೆ ಕೂರಿಸಿ, 9 ವೋಲ್ಟಿನ ಎರಡು ತಂತಿ ಮಾತ್ರ ಹೊರಬರುವಂತೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರ ಕೈಯಲ್ಲೇ ಮಾಡಿಸಿರಿ. 9 ವೋಲ್ಟಿನ ಅಲೆ ತುದಿಯಿಂದ ತುದಿಗೆ 25 ವೋಲ್ಟಿನ ಮೇಲಿರುತ್ತದೆ. ಹೊರೆಯಿಲ್ಲದಾಗ ಇನ್ನೂ ತುಸು ಹೆಚ್ಚು. ಮನೆಗೆ 5 ವೋಲ್ಟ್ ಇಟ್ಟರೆ ಪರದೆಯೊಳಗೆ ಕೂರುತ್ತದೆ.

ಮನೆಗೆ 5 ಮಿಲಿಸೆಕೆಂಡು ಇಡಿ. ಲೈನಿನ ಒಂದು ಆವರ್ತ ಸರಿಯಾಗಿ ನಾಲ್ಕು ಮನೆ, 20 ಮಿಲಿಸೆಕೆಂಡು ಇರಬೇಕು. ಜಾಲದ ಆವರ್ತವನ್ನು 49.90ರಿಂದ 50.05ರೊಳಗೆ ಇಡಬೇಕೆಂಬುದು ನಿಯಮ. ಹಾಗಾಗಿ ಲೈನೇ ನಮ್ಮ ಒರೆಗಲ್ಲು. ಈಗ ಜನರೇಟರು ಹಾಕಿ ನೋಡಿ. ಆವರ್ತ 22 ಮಿಲಿಸೆಕೆಂಡಿಗೆ ಹೋಗಿದೆಯೇ? 1000ವನ್ನು 22ರಿಂದ ಭಾಗಿಸಿದರೆ 45.5. ಎರಡು ಧ್ರುವದ ಸಣ್ಣ ಜನರೇಟರಾದರೆ 60ರಿಂದ ಗುಣಿಸಿ: 3000 ಸುತ್ತಬೇಕಾದ ಎಂಜಿನು ಸುಮಾರು 2730 ಸುತ್ತುತ್ತಿದೆ.

ಇದರಿಂದ ಆಗುವ ನಷ್ಟವೇನು? ಪಂಪು ಎತ್ತುವ ನೀರು ವೇಗದಷ್ಟೇ ಇಳಿಯುತ್ತದೆ, ಶೇಕಡಾ 9. ಒತ್ತಡವೋ ವೇಗದ ವರ್ಗದಂತೆ ಇಳಿಯುತ್ತದೆ, ಶೇಕಡಾ 17. ಗುಡ್ಡದ ಮೇಲಿನ ಸ್ಪ್ರಿಂಕ್ಲರು ಹನಿ ಎಸೆಯದೆ ಕಾಲಬುಡದಲ್ಲೇ ಸುರಿಯುವುದು, ನಡುವಿನ ಗಿಡಗಳಿಗೆ ನೀರು ತಲುಪದಿರುವುದು ಇದರಿಂದಲೇ. ಹೂವಿನ ದಿನಗಳಲ್ಲಿ ಇದು ಕಣ್ಣಿಗೆ ಬೀಳದ ಕಳ್ಳತನ. ಆದರೆ ಎಂಜಿನನ್ನು ಅತಿಯಾಗಿ ಏರಿಸುವುದೂ ತಪ್ಪು. ಆವರ್ತ 19 ಮಿಲಿಸೆಕೆಂಡಾದರೆ 52.6, ಪಂಪಿನ ಹೊರೆ ವೇಗದ ಘನದಂತೆ ಏರಿ ಮೋಟಾರಿಗೆ ಶೇಕಡಾ 17 ಹೆಚ್ಚು ಭಾರ. ಪಂಪು ಓಡುತ್ತಿರುವಾಗಲೇ ಆವರ್ತ 20 ಮಿಲಿಸೆಕೆಂಡಿಗೆ ಬರುವಂತೆ ಎಂಜಿನಿನ ವೇಗವನ್ನು ಮೆಕ್ಯಾನಿಕರಿಂದ ಸರಿಪಡಿಸಿಕೊಳ್ಳಿ.

ಪಾಠ 3: ಇನ್ವರ್ಟರಿನ ಮುಖ

ಅದೇ ಡಬ್ಬಿಯನ್ನು ಇನ್ವರ್ಟರಿಗೆ ಸಿಕ್ಕಿಸಿ. ಒಳ್ಳೆಯ ಸೈನ್ ಇನ್ವರ್ಟರಿನ ಅಲೆ ಗುಡ್ಡದ ಸಾಲಿನಂತೆ ನುಣುಪಾಗಿ ಏರಿಳಿಯುತ್ತದೆ. ಅಗ್ಗದ್ದರಲ್ಲಿ ಅಲೆ ಚೌಕವಾಗಿ ಪಾಗಾರದಂತೆ ಕಾಣುತ್ತದೆ. ಬಲ್ಬಿಗೆ ಅದು ನಡೆದೀತು; ಮೋಟಾರು ಗುಂಯ್ಗುಟ್ಟುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ನೋಡಿಕೊಂಡರೆ ಡಬ್ಬಿಯ ಮೇಲಿನ ಬರಹಕ್ಕೂ ಒಳಗಿನ ನಿಜಕ್ಕೂ ತಾಳೆ ಸಿಗುತ್ತದೆ.

ಮಿತಿ ಹಾಗೂ ಜೋಪಾನ

ಇದು ಪುಟ್ಟ ಉಪಕರಣ. ಮೊಬೈಲಿನ ರೇಡಿಯೋ ಅಲೆಯನ್ನಾಗಲಿ, ಅತಿವೇಗದ ಮಿಡಿತದ ಅಂಚನ್ನಾಗಲಿ ಇದು ತೋರಿಸದು. ಅಲೆಯ ನಿಜರೂಪ ಕಾಣಬೇಕಾದರೆ ಒಂದು ಆವರ್ತದಲ್ಲಿ ಹತ್ತು ಅಳತೆಯಾದರೂ ಬೇಕೆಂದು ಲೆಕ್ಕವಿಡಿ. ಹಾಗೆ ನೋಡಿದರೆ ಸೆಕೆಂಡಿಗೆ ಒಂದು ಲಕ್ಷ ಆವರ್ತದ ಆಚೆಗೆ ಇದರ ಮಾತನ್ನು ಅರ್ಧ ನಂಬಬೇಕು. ನಮ್ಮ ತೋಟದ ಐವತ್ತು, ನೂರರ ಕೆಲಸಗಳಿಗೆ ಮಾತ್ರ ಧಾರಾಳವಾಗಿ ಸಾಕು.

ಮಲೆನಾಡಿನ ಮಳೆಗಾಲ ಇದಕ್ಕೆ ವೈರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ಸೆಲ್ಲುಗಳನ್ನು ತೆಗೆದೇ ಇಡಿ. ಸೋರಿದರೆ ಹಲಗೆಯನ್ನು ತಿನ್ನುತ್ತವೆ.

ಅಭ್ಯಾಸ

1. ಜನರೇಟರಿನ ಒಂದು ಆವರ್ತ ನಾಲ್ಕೂವರೆ ಮನೆಯಿದೆ. ಮನೆಗೆ 5 ಮಿಲಿಸೆಕೆಂಡು. ಆವರ್ತ ಸೆಕೆಂಡಿಗೆ ಎಷ್ಟು?
2. 1000 ಮೈಕ್ರೋಫ್ಯಾರಡಿನ ಕಂಡೆನ್ಸರಿಗೆ 0.1 ಆಂಪಿಯರ್ ಹೊರೆ. ಹಲ್ಲಿನ ಎತ್ತರ ಹೆಚ್ಚೆಂದರೆ ಎಷ್ಟಿರಬೇಕು?
3. ಅಡಾಪ್ಟರಿನ ಗೆರೆಯಲ್ಲಿ ಹಲ್ಲಿನಿಂದ ಹಲ್ಲಿಗೆ 10ರ ಬದಲು 20 ಮಿಲಿಸೆಕೆಂಡು ಕಾಣುತ್ತಿದೆ. ಏನಾಗಿರಬಹುದು?

ಉತ್ತರ: (1) 22.5 ಮಿಲಿಸೆಕೆಂಡು, ಅಂದರೆ ಸುಮಾರು 44.4. (2) 1 ವೋಲ್ಟ್. (3) ಒಂದು ಮಗ್ಗುಲು ಮಡಚುತ್ತಿಲ್ಲ. ಡಯೋಡೊಂದು ಕಡಿದಿರಬಹುದು ಅಥವಾ ಅದರ ಬೆಸುಗೆ ಬಿಟ್ಟಿರಬಹುದು.

ನಾವು ಜೋಡಿಸಿದ ಒಂದು ಉಪಕರಣ, 9 ವೋಲ್ಟಿನ ಡಬ್ಬಿ, 56 ಓಮಿನ ರೆಸಿಸ್ಟರು ಸಂಘದ ಕಚೇರಿಯ ಕಪಾಟಿನಲ್ಲಿವೆ. ಸಂತೆಯ ದಿನ ಬರುವಾಗ ಅನುಮಾನದ ಅಡಾಪ್ಟರನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿರಿ, ಕೂಡಿ ನೋಡೋಣ. ಜನವರಿ ಮುಗಿಯುವ ಮೊದಲೇ ಬನ್ನಿರಿ. ಮೊಗ್ಗು ಬಲಿತ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ.